ವೋಲ್ಟೇಜ್ ಕಮ್ಮಿ ಐತೇನು?

ನಮ್ಮ ಮನೆಯ ಅಡುಗೆಮನೆಗೂ ಪಡಸಾಲೆಗೂ ನಡುವೆ ಇದ್ದ ಗೋಡೆಯ ಹೆಸರು 1979ರ ಬೋನಸ್ಸು. ಅಪ್ಪಾಜಿ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಮಿಲ್ಲಿನಲ್ಲಿ ಬೋನಸ್ ಬಂದಾಗಲೆಲ್ಲ ನಮ್ಮ ಮನೆ ಒಂದಿಷ್ಟು ಬೆಳೆಯುತ್ತಿತ್ತು. ಬಚ್ಚಲುಮನೆ 1981ರ ಬೋನಸ್ಸು. ದೇವರಕೋಣೆ 1983ರದು. ಆ ವರ್ಷ ಕೈಗೆ ಬಂದದ್ದು ಕಡಿಮೆ, ಹಾಗಾಗಿ ಅಲ್ಲಿ ಒಬ್ಬರು ಮಾತ್ರ ಕೂರಬಹುದು, ಅದೂ ಕಾಲು ಮಡಚಿ.

ಆ 1979ರ ಬೋನಸ್ಸನ್ನು ಒಡೆಯೋಣ ಅಂದವನು ನಾನೇ.

ಬೆಂಗಳೂರಿನಲ್ಲಿ ಗೆಳೆಯನ ಫ್ಲ್ಯಾಟ್ ನೋಡಿಕೊಂಡು ಬಂದಿದ್ದೆ. ಬಾಗಿಲು ತೆಗೆದರೆ ಸೋಫಾ, ಡೈನಿಂಗ್ ಟೇಬಲ್, ಒಲೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಒಂದು ಸಾಮಾನೂ ಹೊರಗೆ ಕಾಣುವುದಿಲ್ಲ. ನಮ್ಮೂರಲ್ಲೇ ಒಬ್ಬ ಡಿಸೈನರ್ ಹುಡುಗನನ್ನು ಹಿಡಿದೆ. ಅವನು ಲ್ಯಾಪ್‌ಟಾಪ್ ತೆಗೆದು ಚಿತ್ರ ತೋರಿಸಿ, “ಓಪನ್ ಪ್ಲಾನ್ ಆಂಟಿ. ಮಿನಿಮಲ್ ಆಗಿರುತ್ತೆ, ಆದ್ರೂ ವಾರ್ಮ್ ಆಗಿರುತ್ತೆ” ಅಂದ.

ಅವ್ವ ನನ್ನ ಮುಖ ನೋಡಿದಳು. “ವಾರ್ಮ್ ಅಂದ್ರೆ ಬೆಚ್ಚಗೆ ಅಲ್ಲೇನಪ್ಪಾ? ದಾವಣಗೆರ್‍ಯಾಗ ಮನಿ ಬೆಚ್ಚಗಿರಾಕೆ ದುಡ್ಡು ಬೇರೆ ಕೊಡಬೇಕಾ?”

ಏಪ್ರಿಲ್ ತಿಂಗಳು. ಹೊರಗೆ 39 ಡಿಗ್ರಿ. ಹುಡುಗ ನೀರು ಕೇಳಿ ಕುಡಿದ.

ಗೌಂಡಿ ಬಂದವನೇ ಬೆರಳು ಮಡಚಿ ಗೋಡೆಯನ್ನು ನಾಲ್ಕು ಕಡೆ ಬಡಿದ, ಡಾಕ್ಟರು ಬೆನ್ನು ಬಡಿದು ನೋಡುವ ಹಾಗೆ. “ಒಂಬತ್ತು ಇಂಚಿಂದು ಸಾರ್. ಆರ್‌ಸಿಸಿ ಇದರ ಮ್ಯಾಲೇ ಕುಂತೈತೆ. ನಾಲ್ಕೂವರೆ ಇಂಚಿನ ಅಡ್ಡಗ್ವಾಡಿ ಆಗಿದ್ರೆ ಮಧ್ಯಾಹ್ನದೊಳಗ ಕೆಡವಿ ಕೊಡ್ತಿದ್ದೆ.” ಲ್ಯಾಪ್‌ಟಾಪಿನಲ್ಲಿ ಆ ಗೋಡೆ ಒಂದು ಗುಂಡಿ ಒತ್ತಿದರೆ ಮಾಯವಾಗಿತ್ತು. ಇಲ್ಲಿ ಎಂಜಿನಿಯರ್ ಬಂದರು, ಕಬ್ಬಿಣದ ಐ ಬೀಮ್ ಬಂತು, ಅದನ್ನು ಎತ್ತಲು ಎಂಟು ಜನ ಬಂದರು. ಸೂರು ಕೆಳಗೆ ಇಳಿಯದಂತೆ ಪಡಸಾಲೆ ತುಂಬ ಜಾಕಿ ನಿಲ್ಲಿಸಿದರು. ಅವ್ವ ಮಾರನೇ ದಿನವೇ ಜಾಕಿಯಿಂದ ಜಾಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದಳು. ಈ ಇಡೀ ಯೋಜನೆಯಲ್ಲಿ ಅವಳಿಗೆ ಇಷ್ಟವಾದ ಒಂದೇ ವ್ಯವಸ್ಥೆ ಅದು.

ಗೋಡೆ ಬೀಳುವ ದಿನ ಅಪ್ಪಾಜಿ ಕುರ್ಚಿ ಹಾಕಿಕೊಂಡು ಎದುರಿಗೇ ಕೂತರು. ಏನೂ ಅನ್ನಲಿಲ್ಲ. ಮೊದಲು ಕ್ಯಾಲೆಂಡರ್ ಇಳಿಸಿಕೊಟ್ಟರು. ಆಮೇಲೆ ಇಕ್ಕಳ ತಂದು ಗೋಡೆಯಲ್ಲಿದ್ದ ಮೊಳೆಗಳನ್ನೆಲ್ಲ ಒಂದೊಂದಾಗಿ ಕಿತ್ತರು. ಲೆಕ್ಕ ಹಾಕಿದೆ, 31. ಡೊಂಕಾದವನ್ನು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಹಳೇ ಬೋರ್ನ್‌ವಿಟಾ ಡಬ್ಬಿಗೆ ಹಾಕಿಟ್ಟರು. ಸಂಜೆ ಡೈರಿ ತೆಗೆದು, ಗೋಡೆ ಕಟ್ಟಲು ಆದ ಖರ್ಚು ಎಷ್ಟು, ಕೆಡವಲು ಎಷ್ಟು ಅಂತ ಅಕ್ಕಪಕ್ಕ ಬರೆದರು. ಆ ಪುಟವನ್ನು ನನ್ನ ಹೆಂಡತಿಗೆ ಇನ್ನೂ ತೋರಿಸಿಲ್ಲ.

ಮೂರು ವಾರದ ಕೆಲಸ ಮೂರು ತಿಂಗಳಾಯಿತು. ಟೈಲ್ಸಿನವನು ಬಂದ ದಿನ ಪ್ಲಂಬರ್ ಇಲ್ಲ, ಪ್ಲಂಬರ್ ಬಂದ ದಿನ ಕರೆಂಟ್ ಇಲ್ಲ. ಇದೆಲ್ಲ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಒಲೆ ವರಾಂಡಕ್ಕೆ ಹೋಗಿತ್ತು, ಉಪ್ಪಿನಕಾಯಿಯಲ್ಲೂ ಸಿಮೆಂಟ್ ರುಚಿ. ಹಾಗಾಗಿ ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ. ಮನೆಗಿಂತ ಮುಂಚೆ ನನ್ನ ಸೊಂಟ ಓಪನ್ ಪ್ಲಾನ್ ಆಯಿತು.

ಬಣ್ಣ ಆರಿಸುವಾಗ ಡಿಸೈನರ್ ಹುಡುಗ ಹನ್ನೆರಡು ಬಿಳಿ ತೋರಿಸಿದ. ಅಪ್ಪಾಜಿ ಕನ್ನಡಕ ಒರೆಸಿಕೊಂಡು ನೋಡಿ, ಒಂದರ ಮೇಲೆ ಬೆರಳಿಟ್ಟು, “ಇದು ದೋಸೆ ಪಲ್ಯದ ಬಣ್ಣ” ಅಂದರು. ಅರಿಶಿನ ಹಾಕದ ನಮ್ಮೂರ ಆಲೂಗಡ್ಡೆ ಪಲ್ಯ, ಥೇಟ್ ಅದೇ. ಅದನ್ನೇ ಹೊಡೆಸಿದೆವು.

ಇನ್ನು ಲೈಟು. ಮೊದಲು ಇದ್ದದ್ದು ಬೆಳ್ಳಗೆ ಉರಿಯುವ 6500 ಕೆಲ್ವಿನ್ನಿನ ಟ್ಯೂಬ್‌ಲೈಟ್. ಈಗ ಸೀಲಿಂಗಿನೊಳಗೆ ಅಡಗಿಸಿದ 3000 ಕೆಲ್ವಿನ್ನಿನ ಹಳದಿ ಬೆಳಕು. ಮೊದಲನೇ ಸಂಜೆ ಹಾಕಿ, ಸೋಫಾದಲ್ಲಿ ಒರಗಿ, ಆಹಾ ಅಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆ ಯಜಮಾನರು ಗೇಟಿನ ಹತ್ತಿರ ಬಂದರು. “ನಿಮ್ಮನ್ಯಾಗೂ ವೋಲ್ಟೇಜ್ ಕಮ್ಮಿ ಐತೇನ್ರೀ? ನಮ್ಮನ್ಯಾಗ ಸರಿ ಐತಲ್ಲ.” ಒಂದು ವಾರದಲ್ಲಿ ಐದು ಜನ ಕೇಳಿದರು. ಒಬ್ಬರಂತೂ ಪಾಪ, ಲೈನ್‌ಮನ್‌ಗೆ ಫೋನನ್ನೇ ಮಾಡಿಬಿಟ್ಟಿದ್ದರು.

ದೇವರಕೋಣೆಯ ಟ್ಯೂಬ್‌ಲೈಟ್ ಮುಟ್ಟಲು ಅಪ್ಪಾಜಿ ಬಿಟ್ಟಿರಲಿಲ್ಲ. ಈಗ ಅವರು ಅಲ್ಲೇ ಕಾಲು ಮಡಚಿ ಕೂತು ಪೇಪರ್ ಓದುತ್ತಾರೆ. ಇಷ್ಟು ಹೊತ್ತು ಪೂಜೆ ಮಾಡುವವರು ಅಂತ ಬೀದಿಯಲ್ಲಿ ಅವರಿಗೆ ಹೆಸರು ಬಂದಿದೆ.

ಮಿನಿಮಲ್ ಅಂದರೆ ಕಡಿಮೆ ಸಾಮಾನು, ಅಲ್ವಾ? ನಮ್ಮಲ್ಲಿ ಸಾಮಾನು ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು. ತಾಮ್ರದ ಹಂಡೆ, ಬೀಸುಕಲ್ಲು, ಹದಿನಾಲ್ಕು ಸ್ಟೀಲ್ ಡಬ್ಬಿ ಎಲ್ಲ ನನ್ನ ಮಂಚದ ಕೆಳಗಿವೆ. ರಾತ್ರಿ ಮಗ್ಗಲು ಬದಲಿಸಿದರೆ ಹಂಡೆ ಗುಂಯ್ ಅನ್ನುತ್ತದೆ.

ಒಗ್ಗರಣೆಯದು ಬೇರೆಯೇ ಕಥೆ. ಚಿಮಣಿ ಹಾಕಿಸಿದ್ದೇವೆ. ಆದರೆ ಅದರ ಗದ್ದಲದಲ್ಲಿ ಸಾಸಿವೆ ಸಿಡಿಯುವುದು ಕೇಳುವುದಿಲ್ಲ ಅಂತ ಅವ್ವ ಆರಿಸುತ್ತಾಳೆ. ಅವಳು ಒಗ್ಗರಣೆ ನೋಡಿ ಮಾಡುವವಳಲ್ಲ, ಕೇಳಿ ಮಾಡುವವಳು. ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕೂಡಲೇ, ತಡೆಯಲು ಗೋಡೆಯಿಲ್ಲದ ಆ ಘಾಟನ್ನು ಪಡಸಾಲೆಯ ಫ್ಯಾನು ಯಾರಿಗೂ ಭೇದಭಾವ ಮಾಡದೆ ಹಂಚುತ್ತದೆ.

ಇಷ್ಟಾದರೂ ಅವ್ವ ತಡೆದುಕೊಂಡಿದ್ದಳು. ಆಮೇಲೆ ಹರಿಹರದಿಂದ ಸೋದರತ್ತೆ ಬಂದರು.

ಅತ್ತೆ ಸೋಫಾದಲ್ಲಿ ಕೂತು ಹೊಸ ಮನೆಯನ್ನು ಹೊಗಳುತ್ತಿದ್ದರು. ಅವ್ವ ಒಲೆಯ ಹತ್ತಿರದಿಂದ ನನ್ನನ್ನು ಕಣ್ಣಲ್ಲೇ ಕರೆದಳು. ನಲವತ್ತು ವರ್ಷದ ಅಭ್ಯಾಸ, ಗೋಡೆ ಇದೆ ಅಂದುಕೊಂಡೇ ಪಿಸುಗುಟ್ಟಿದಳು: “ನಾಲ್ಕೇ ರೊಟ್ಟಿ ಅದಾವು. ಈಕಿ ಊಟಕ್ಕೂ ನಿಲ್ತಾಳೇನು, ಹೆಂಗೆ?”

“ಇಲ್ಲವ್ವಾ,” ಸೋಫಾದಿಂದ ಉತ್ತರ ಬಂತು, “ಚಾ ಕುಡಿದು ಹೋಗಿಬಿಡ್ತೀನಿ.”

ಅವ್ವ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಮರೆಯಾಗೋಣ ಅಂದರೆ ಎಲ್ಲಿಗೆ? ಅಪ್ಪಾಜಿ ಮೆಲ್ಲಗೆ ಎದ್ದು ದೇವರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ನೊಬ್ಬರಿಗೆ ಅಲ್ಲಿ ಜಾಗವಿಲ್ಲ.

ಅತ್ತೆಯನ್ನು ಬಲವಂತ ಮಾಡಿ ಊಟಕ್ಕೆ ಕೂರಿಸಿದೆವು. ನಾಲ್ಕು ರೊಟ್ಟಿಯಲ್ಲಿ ಮೂರು ಅವರೇ ತಿಂದರು. ಅದು ಸರಿಯಾದ ಶಿಕ್ಷೆ ಅಂತ ನನಗೂ ಅನ್ನಿಸಿತು.

ಮಾರನೇ ಬೆಳಿಗ್ಗೆ ಅಡುಗೆಮನೆಗೆ ಅಡ್ಡಲಾಗಿ ಅವ್ವನ ಹಳೇ ಇಳಕಲ್ ಸೀರೆ ಪರದೆಯಾಗಿ ತೂಗುತ್ತಿತ್ತು, ಎರಡು ತುದಿಗೂ ನೆಟ್ಟಗೆ ಮಾಡಿದ ಒಂದೊಂದು ಮೊಳೆ. ಒಂದು ವಾರಕ್ಕೆ ಗೌಂಡಿಯೂ ಬಂದ. ಕೆಡವಿದ ಜಾಗವನ್ನು ನಗದೆ ಅಳೆದ. ದೊಡ್ಡ ಮನುಷ್ಯ. “ಈ ಸಲ ನಾಲ್ಕೂವರೆ ಇಂಚಿಂದೇ ಸಾಕು ಸಾರ್. ಭಾರ ಹೊರಾಕೆ ಬೀಮ್ ಐತಲ್ಲ” ಅಂದು, ಒಂದು ಚೀಟಿಯಲ್ಲಿ ರೇಟು ಬರೆದುಕೊಟ್ಟ.

ನಾನು ಚೀಟಿ ನೋಡುತ್ತ ನಿಂತಿದ್ದೆ. ಅಪ್ಪಾಜಿ ಡೈರಿಯಲ್ಲಿ ಹೊಸ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದರು.

“ಈ ವರ್ಷ ನಿನಗೆ ಬೋನಸ್ ಎಷ್ಟು ಬಂತೋ?”