ಎಫ್‌ಐಆರ್ ಆದ ಕೂಡಲೇ ಅಪರಾಧಿಯಾ?

ಇವತ್ತು ಶಿರಸಿ ಹಳೇ ಬಸ್‌ಸ್ಟ್ಯಾಂಡ್ ಹತ್ರ ಚಾ ಕುಡಿಯುವಾಗ ಪಕ್ಕದ ಟೇಬಲ್ಲಿನಲ್ಲಿ ಒಬ್ಬರ ಮಾನ ಹರಾಜಾಗ್ತಾ ಇತ್ತು. ತೋಟದ ಬೇಲಿ ಜಗಳ. "ನಾಲ್ಕು ಸೆಕ್ಷನ್ ಬಿದ್ದಿದೆಯಂತೆ! ಎಸ್ಪಿನೇ ಬಂದಿದ್ರಂತೆ! ಇನ್ನು ಅವ ಹೊರಗೆ ಬಂದ ಹಾಗೇ." ಮೊಬೈಲಿನಲ್ಲಿ ಎಫ್‌ಐಆರ್ ಫೋಟೋ ಬೇರೆ.

ಕೋರ್ಟ್ ಕಂಪೌಂಡಿನಲ್ಲಿ ಅರ್ಜಿ ಟೈಪ್ ಮಾಡಿಯೇ ಹೊಟ್ಟೆ ಹೊರೆದವ ನಾನು, ನಿಮಗೆ ಗೊತ್ತಲ್ಲ. ಸುಮ್ನೆ ಕೂರೋಕೆ ಆಗಲಿಲ್ಲ, ಇಣುಕಿ ನೋಡಿದೆ. ಬಿಎನ್‌ಎಸ್ (ಹಳೇ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 115(2), 352, 351(2), 3(5). ಅಂದ್ರೆ ಹೊಡೆದ, ಬೈದ, ಬೆದರಿಸಿದ. 3(5) ಅನ್ನೋದು ಬೇರೆ ಅಪರಾಧವೇ ಅಲ್ಲ ಮಾರಾಯ್ರೆ. ಹಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದರು ಅನ್ನೋಕೆ ಹಾಕೋದು, ಹಳೇ ಐಪಿಸಿಯ 34. ಉಳಿದ ಮೂರೂ ಎನ್‌ಸಿ, ಅಂದ್ರೆ ನಾನ್-ಕಾಗ್ನಿಜಬಲ್ (ಅಸಂಜ್ಞೇಯ), ಜಾಮೀನು ಸಿಗುವಂಥವು. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡೋ ಹಾಗಿಲ್ಲ!

ಎಸ್ಪಿ ಬಂದ ಕಥೆಯೂ ಅಷ್ಟೇ. "ಹೆಗಲ ಮೇಲೆ ಏನಿತ್ತು?" ಅಂತ ಕೇಳಿದೆ. ಒಂದು ನಕ್ಷತ್ರ, ಕೆಂಪು-ನೀಲಿ ಪಟ್ಟಿ. ಅದು ಎಎಸ್‌ಐ! ಎರಡಿದ್ರೆ ಪಿಎಸ್‌ಐ, ಮೂರಿದ್ರೆ ಇನ್‌ಸ್ಪೆಕ್ಟರ್, ಮೂರಿದ್ದೂ ಪಟ್ಟಿ ಇಲ್ಲದಿದ್ರೆ ಡಿವೈಎಸ್‌ಪಿ. ಎಸ್ಪಿ ಹೆಗಲಲ್ಲಿ ಸಿಂಹದ ಲಾಂಛನ ಇರ್ತದೆ. ಬೇಲಿ ಜಗಳಕ್ಕೆ ಅವರು ಕಾರವಾರದಿಂದ ದೇವಿಮನೆ ಘಟ್ಟ ಹತ್ತಿ ಬರ್ತಾರಾ? ಬಂದ್ರೂ ಏನಾಯ್ತು? ಇವರಲ್ಲಿ ಯಾರಿಗೂ "ಇವ ತಪ್ಪಿತಸ್ಥ" ಅಂತ ತೀರ್ಮಾನಿಸುವ ಅಧಿಕಾರ ಇಲ್ಲ. ಬಂಧಿಸಿದ್ರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಎಫ್‌ಐಆರ್ ಅಂದ್ರೆ ಬಂದ ದೂರನ್ನು ಬರೆದುಕೊಂಡದ್ದು, ಅಷ್ಟೇ. "ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು..." ಅಂತ ಎಷ್ಟು ದೂರು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ನಿಜಕ್ಕೂ ಬೈದವರು ಯಾರು, ಬೈಸಿಕೊಂಡವರು ಯಾರು, ನನಗೇನು ಗೊತ್ತು? ತನಿಖೆ ಆಗಬೇಕು, ಚಾರ್ಜ್‌ಶೀಟ್ ಬರಬೇಕು, ಸಾಕ್ಷಿ ಆಗಬೇಕು. ಚಾರ್ಜ್‌ಶೀಟ್ ಕೂಡ ಪೊಲೀಸರ ಅಭಿಪ್ರಾಯವೇ, ತೀರ್ಪಲ್ಲ.

"ಬೆಂಕಿ ಇಲ್ದೆ ಹೊಗೆ ಬರ್ತದಾ?" ಅಂದ್ರು ಅಲ್ಲಿದ್ದ ಹಿರಿಯರೊಬ್ಬರು. ಜೂನ್ ತಿಂಗಳಲ್ಲಿ ಹಸಿ ಕಟ್ಟಿಗೆ ಇಟ್ಟು ಒಲೆ ಊದಿ ನೋಡಿ ಸ್ವಾಮಿ. ಮನೆ ತುಂಬ ಹೊಗೆ, ಚಾ ಮಾತ್ರ ಕುದಿಯೋದಿಲ್ಲ.

ನನಗ್ಯಾಕೆ ಇಷ್ಟು ಸಿಟ್ಟು ಅಂತೀರಾ? ನನ್ನ ಮೇಲೂ ಒಮ್ಮೆ ಇಂಥದ್ದೇ ಕೇಸಿತ್ತು, ಮನೆ ದಾರಿಯ ವಿಷಯಕ್ಕೆ. ಸಂಜೆಯೊಳಗೆ ಊರ ಗ್ರೂಪಿನಲ್ಲೆಲ್ಲ ಸುದ್ದಿ. ಆಮೇಲೆ ಪೊಲೀಸರೇ ಬಿ ರಿಪೋರ್ಟ್ (ಕೇಸಿನಲ್ಲಿ ಹುರುಳಿಲ್ಲ ಅನ್ನೋ ವರದಿ) ಹಾಕಿದ್ರು, ಕೋರ್ಟೂ ಒಪ್ಪಿತು. ಅದನ್ನು ಯಾರೂ ಹಾಕಲಿಲ್ಲ. ಕಡೆಗೆ ನಾನೇ ಹಾಕಿದೆ. ಒಂದೇ ಒಂದು ಹೆಬ್ಬೆರಳು ಬಂತು, ನನ್ನ ಹೆಂಡತಿಯದ್ದು.