ಡೇಟಾಬೇಸಿನ ಡೀಫಾಲ್ಟ್ ಎನ್‌ಕೋಡಿಂಗ್ ಯಾವುದಿರಬೇಕು?

ಡೇಟಾಬೇಸ್ ತಂತ್ರಾಂಶ ಕಟ್ಟುವವರು ಯಾವ ಎನ್‌ಕೋಡಿಂಗನ್ನು (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಯನ್ನು) ಡೀಫಾಲ್ಟ್ ಆಗಿ ಇಡುತ್ತಾರೋ ಅದೇ ಬಹುತೇಕ ಬಳಕೆದಾರರ ಪಾಲಿಗೆ ಕೊನೆಯ ತೀರ್ಮಾನವಾಗಿಬಿಡುತ್ತದೆ, ಏಕೆಂದರೆ ಟೇಬಲ್ ರಚಿಸುವಾಗ ಆ ಆಯ್ಕೆಯ ಕಡೆ ಕಣ್ಣು ಹಾಯಿಸುವವರು ಕಡಿಮೆ. ಡೀಫಾಲ್ಟ್, ಯೂನಿಕೋಡಿನ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಪೂರ್ಣ ಯುಟಿಎಫ್-8 ಆಗಿರಬೇಕು, ಮತ್ತು ಕಾಲಂಗೆ ಹಿಡಿಸದ ಅಕ್ಷರ ಬಂದರೆ ಡೇಟಾಬೇಸ್ ಎರರ್ ಕೊಟ್ಟು ನಿಲ್ಲಬೇಕು ಎಂಬುದು ನನ್ನ ನಿಲುವು. ಇವೆರಡರಲ್ಲಿ ಎರಡನೆಯದೇ ನನಗೆ ಹೆಚ್ಚು ಮುಖ್ಯ.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಚರಿತ್ರೆಯನ್ನೇ ನೋಡಿ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಯುಟಿಎಫ್-8 ರೂಪುಗೊಂಡದ್ದು 1992ರಲ್ಲಿ. ಆದರೂ 1995ರಲ್ಲಿ ಹೊರಬಂದ, ಸ್ವೀಡನ್ನಿನ ಕಂಪನಿಯೊಂದು ಬೆಳೆಸಿದ ಈ ತಂತ್ರಾಂಶ 2018ರಲ್ಲಿ 8.0 ಆವೃತ್ತಿ ಬರುವವರೆಗೂ ಪಶ್ಚಿಮ ಯೂರೋಪಿನ ಭಾಷೆಗಳಿಗಷ್ಟೇ ಸಾಲುವ ಲ್ಯಾಟಿನ್-1 ಎನ್‌ಕೋಡಿಂಗನ್ನೂ ಸ್ವೀಡಿಷ್ ಅಕ್ಷರಕ್ರಮವನ್ನೂ ಡೀಫಾಲ್ಟ್ ಆಗಿ ಉಳಿಸಿಕೊಂಡಿತ್ತು. ಹಳೆಯ ಆವೃತ್ತಿಗಳಲ್ಲಿ ಇಂಥ ಕಾಲಂಗೆ ಕನ್ನಡದ ಹೆಸರನ್ನು ಯುಟಿಎಫ್-8 ಎಂದು ಸರಿಯಾಗಿಯೇ ತಿಳಿಸಿ ಕಳುಹಿಸಿದರೆ, ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತಿತ್ತು ಮತ್ತು ಬರುತ್ತಿದ್ದದ್ದು ಬರೀ ಎಚ್ಚರಿಕೆ. ಬ್ಯಾಕಪ್‌ನಲ್ಲೂ ಅವೇ ಚಿಹ್ನೆಗಳಿರುವುದರಿಂದ ಮೂಲ ಹೆಸರನ್ನು ಮರಳಿ ಪಡೆಯುವ ದಾರಿಯೇ ಇರಲಿಲ್ಲ.

ಇದಕ್ಕಿಂತ ಮೋಸದ ಸ್ಥಿತಿ ಇನ್ನೊಂದಿದೆ. ಅಪ್ಲಿಕೇಶನ್‌ಗೂ ಡೇಟಾಬೇಸಿಗೂ ನಡುವಿನ ಸಂಪರ್ಕವೂ ಟೇಬಲ್ಲೂ ಎರಡೂ ಲ್ಯಾಟಿನ್-1 ಎಂದೇ ಇದ್ದಾಗ, ಅಪ್ಲಿಕೇಶನ್ ಕಳುಹಿಸಿದ ಯುಟಿಎಫ್-8 ಬೈಟುಗಳು ಹಾಗೆಯೇ ಒಳಹೋಗಿ ಹಾಗೆಯೇ ಹೊರಬರುತ್ತವೆ. ಪರದೆಯ ಮೇಲೆ ಕನ್ನಡ ಸರಿಯಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೃಷ್ಣಮೂರ್ತಿ ಎಂಬ ಹೆಸರು ನಮಗೆ ನಾಲ್ಕು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 11 ಸಂಕೇತ (ವ್ಯಂಜನ, ಸ್ವರಚಿಹ್ನೆ, ಹಲಂತಗಳಿಗೆ ಒಂದೊಂದು), ಯುಟಿಎಫ್-8ರಲ್ಲಿ 33 ಬೈಟು. ಆ 33 ಬೈಟುಗಳನ್ನು 33 ಲ್ಯಾಟಿನ್ ಅಕ್ಷರಗಳೆಂದು ನಂಬಿದ ಡೇಟಾಬೇಸ್, ಹಳೆಯ ಆವೃತ್ತಿಗಳಲ್ಲಿ 30ರ ಮಿತಿಯ ಕಾಲಂನಲ್ಲಿ ಕೊನೆಯ ಮೂರನ್ನು ಕತ್ತರಿಸಿ ಹಾಕುತ್ತಿತ್ತು. ಗುಡಿಸು ಬಿದ್ದುಹೋಗಿ ‘ಕೃಷ್ಣಮೂರ್ತ’ ಉಳಿಯುತ್ತಿತ್ತು. ಮುಂದೆ ಯಾರೋ ಸಂಪರ್ಕದ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ತಿದ್ದಿದ ದಿನ, ಸರಿಯಾಗಿದ್ದ ಹೆಸರುಗಳೂ ಓದಲಾಗದ ಲ್ಯಾಟಿನ್ ಚಿಹ್ನೆಗಳಾಗಿ ಕಾಣಿಸಿಕೊಳ್ಳುತ್ತವೆ, ಮತ್ತು ದೂರು ಹೋಗುವುದು ಸರಿಪಡಿಸಹೊರಟವನ ಮೇಲೆ.

ಯುಟಿಎಫ್-8 ಆಯ್ದುಕೊಂಡವರಿಗೂ ನೆಮ್ಮದಿ ಇರಲಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಆ ಹೆಸರಿನಡಿ ಇದ್ದದ್ದು ಸಂಕೇತವೊಂದಕ್ಕೆ ಮೂರೇ ಬೈಟು ಕೊಡುವ ಅರೆಬರೆ ರೂಪ. ನಾಲ್ಕು ಬೈಟಿನ ಪೂರ್ಣ ರೂಪ ‘ಯುಟಿಎಫ್8ಎಂಬಿ4’ ಎಂಬ ಬೇರೆ ಹೆಸರಿನಲ್ಲಿ 2010ರಲ್ಲಿ ಬಂತು. ಕನ್ನಡಕ್ಕೆ ಮೂರು ಬೈಟು ಸಾಕು, ಆದ್ದರಿಂದ ನಮ್ಮಲ್ಲಿ ಇದನ್ನು ಎಮೋಜಿಯ ತಾಪತ್ರಯ ಎಂದು ಬದಿಗೊತ್ತುವವರಿದ್ದಾರೆ. ಆದರೆ 2024ರ ಯೂನಿಕೋಡ್ 16ರಲ್ಲಿ ಸೇರಿದ ತುಳು-ತಿಗಳಾರಿ ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ನಾಲ್ಕು ಬೈಟು ಬೇಕು. ಮೂರು ಬೈಟಿನ ಕಾಲಂನಲ್ಲಿ ಅದಕ್ಕೆ ಜಾಗವೇ ಇಲ್ಲ. 5.7 ಆವೃತ್ತಿಯವರೆಗೆ ನಾಲ್ಕು ಬೈಟಿನ ರೂಪಕ್ಕೆ ಡೀಫಾಲ್ಟ್ ಆಗಿದ್ದ ‘ಜನರಲ್’ ಕೊಲೇಶನ್ (ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ) ನಾಲ್ಕು ಬೈಟಿನ ಎಲ್ಲ ಅಕ್ಷರಗಳಿಗೂ ಒಂದೇ ತೂಕ ಕೊಡುತ್ತದೆ; ಅಂದರೆ ಆ ಲಿಪಿಯಲ್ಲಿ ಬರೆದ, ಸಮಾನ ಸಂಖ್ಯೆಯ ಸಂಕೇತಗಳಿರುವ ಯಾವ ಎರಡು ಪದಗಳೂ ಅದರ ಕಣ್ಣಿಗೆ ಒಂದೇ, ಮತ್ತು ಒಂದೇ ಪದ ಎರಡು ಸಲ ಬರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಇದ್ದರೆ ಎರಡನೆಯದಕ್ಕೆ ಪ್ರವೇಶವಿಲ್ಲ. ತುಳುವಿನಲ್ಲಿ ನಿಘಂಟು ಮಾಡಹೊರಟವರು ಇದನ್ನು ಯಾಕೆ ಅನುಭವಿಸಬೇಕು?

ಒರಾಕಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ತೊಡಕು ಬೇರೆ ಬಗೆಯದು: ಅಲ್ಲಿ ಕಾಲಂನ ಅಳತೆ ಡೀಫಾಲ್ಟ್ ಆಗಿ ಬೈಟುಗಳಲ್ಲಿರುವುದರಿಂದ 20ರ ಕಾಲಂ ಕನ್ನಡದ ಆರು ಸಂಕೇತಗಳನ್ನಷ್ಟೇ ಹಿಡಿಯುತ್ತದೆ. ಆದರೆ ಹಿಡಿಸದಿದ್ದರೆ ಅದು ಎರರ್ ಕೊಡುತ್ತದೆ, ಹೆಸರನ್ನು ಕತ್ತರಿಸುವುದಿಲ್ಲ. ಈ ನಡತೆಗೆ ನಾನು ಬೆಲೆ ಕೊಡುತ್ತೇನೆ.

ಯುಟಿಎಫ್-8ಕ್ಕೆ ಇರುವ ಆಕ್ಷೇಪಗಳು ಹುರುಳಿಲ್ಲದವಲ್ಲ. ಯೂನಿಕೋಡಿನ ಇನ್ನೊಂದು ಎನ್‌ಕೋಡಿಂಗ್ ಆದ ಯುಟಿಎಫ್-16ರಲ್ಲಿ ಎರಡು ಬೈಟಿಗೆ ಮುಗಿಯುವ ಕನ್ನಡ ಸಂಕೇತ ಇಲ್ಲಿ ಮೂರು ಬೈಟು ತಿನ್ನುತ್ತದೆ. ಆದರೂ ಅಂಕಿ, ದಿನಾಂಕ, ಇಮೇಲ್ ವಿಳಾಸಗಳೆಲ್ಲ ಒಂದೇ ಬೈಟಿನಲ್ಲಿ ಕೂರುವುದರಿಂದ, ಇವೇ ತುಂಬಿರುವ ಟೇಬಲ್‌ಗಳಲ್ಲಿ ಆ ನಷ್ಟ ತುಂಬಿಬರುತ್ತದೆ. ಹೆಚ್ಚು ಗಂಭೀರವಾದದ್ದು ಅಪ್‌ಗ್ರೇಡ್‌ನ ಕಷ್ಟ: ಡೀಫಾಲ್ಟ್ ಬದಲಾದರೂ ಹಳೆಯ ಟೇಬಲ್‌ಗಳು ಹಳೆಯ ಎನ್‌ಕೋಡಿಂಗ್‌ನಲ್ಲೇ ಉಳಿಯುತ್ತವೆ, ಮತ್ತು ಹಳತು ಹೊಸತನ್ನು ಜೋಡಿಸುವ ಕ್ವೆರಿಗಳು ಕೊಲೇಶನ್ ಹೊಂದುತ್ತಿಲ್ಲವೆಂದು ನಿಂತುಬಿಡಬಹುದು. ಇದು ತಪ್ಪು ಡೀಫಾಲ್ಟನ್ನು ಅಷ್ಟು ವರ್ಷ ಇಟ್ಟುಕೊಂಡದ್ದರ ಫಲ, ತಡಮಾಡಿದಷ್ಟೂ ಬೆಳೆಯುತ್ತದೆ.

ಆದ್ದರಿಂದ ಇಂದು ಹೊಸದಾಗಿ ಡೇಟಾಬೇಸ್ ಕಟ್ಟುವವರು ಸಂಗ್ರಹಕ್ಕೆ ಯುಟಿಎಫ್-8 ಬಿಟ್ಟು ಬೇರೆ ಆಯ್ಕೆಯನ್ನೇ ಕೊಡಬಾರದು ಎಂಬಲ್ಲಿಯವರೆಗೆ ನಾನು ಹೋಗುತ್ತೇನೆ. ಹಳೆಯ ಕಡತ ತರುವವರು ಅದರ ಎನ್‌ಕೋಡಿಂಗ್ ಹೆಸರನ್ನು ತಾವೇ ಬರೆದುಕೊಡಲಿ, ಪರಿವರ್ತನೆ ಬಾಗಿಲಲ್ಲೇ ಆಗಲಿ, ಪರಿವರ್ತನೆಯಾಗದ ಸಾಲನ್ನು ಅದರ ಸಂಖ್ಯೆಯೊಂದಿಗೆ ತೋರಿಸಿ ತಂತ್ರಾಂಶ ಅಲ್ಲೇ ನಿಲ್ಲಲಿ.