ಮೂರು ಬಟ್ಟಲು, ಒಂದೇ ಹೊಟ್ಟೆ

ನಮ್ಮ ಮನೆಯ ಮೂರು ಬೆಕ್ಕುಗಳಲ್ಲಿ ಪಥ್ಯ ಬೇಕಾಗಿರುವುದು ಒಂದಕ್ಕೆ ಮಾತ್ರ, ಆದರೆ ಅದರ ದೆಸೆಯಿಂದ ಉಳಿದೆರಡರ ಜೊತೆಗೆ ನಾನೂ ಶಿಸ್ತಿಗೆ ಸಿಕ್ಕಿಬಿದ್ದಿದ್ದೇನೆ. 7 ಕಿಲೋ ತೂಗುವ ಹಿರಿಯ ಬೆಕ್ಕಿಗೆ ಒಣ ಆಹಾರವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿದರೆ, ಅದು ತನ್ನ ಪಾಲನ್ನು ಅರೆನಿಮಿಷದಲ್ಲಿ ಮುಗಿಸಿ, ಎರಡು ತುತ್ತು ತಿಂದು ಉಳಿದದ್ದನ್ನು ಆಮೇಲೆ ನೋಡೋಣವೆಂಬಂತೆ ಹೊರಟುಹೋಗುವ ಸಣಕಲು ಬೆಕ್ಕಿನ ಬಟ್ಟಲಿಗೆ ಬಾಯಿ ಹಾಕುತ್ತದೆ. ಬಟ್ಟಲನ್ನು ಎತ್ತರದಲ್ಲಿಟ್ಟು ನೋಡಿದೆ. ಇಷ್ಟು ಭಾರದ ಪ್ರಾಣಿ ಹಾರಲಾರದೆಂಬ ನನ್ನ ನಂಬಿಕೆ ಮೊದಲ ದಿನವೇ ಸುಳ್ಳಾಯಿತು.

ಉಪವಾಸ ಕೆಡವುವಂತೆಯೂ ಇಲ್ಲ. ದಪ್ಪ ಬೆಕ್ಕು ಕೆಲವು ದಿನ ಆಹಾರ ಬಿಟ್ಟರೂ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ವಾರಕ್ಕೆ ದೇಹತೂಕದ ಶೇ. 1ರಷ್ಟು, ಅಂದರೆ 70 ಗ್ರಾಂ ಇಳಿದರೆ ಸಾಕೆಂದು ಪಶುವೈದ್ಯರು ಹೇಳಿದ್ದಾರೆ. (ಅದನ್ನು ಅಳೆಯಲು ಬೆಕ್ಕು ತಕ್ಕಡಿಯ ಮೇಲೆ ಸುಮ್ಮನೆ ಕೂರಬೇಕಲ್ಲ!)

ಚರ್ಮದಡಿಯ ಮೈಕ್ರೋಚಿಪ್ಪನ್ನು ಗುರುತಿಸಿ ಆಯಾ ಬೆಕ್ಕಿಗೆ ಮಾತ್ರ ತೆರೆದುಕೊಳ್ಳುವ ಬಟ್ಟಲನ್ನೂ ತಂದದ್ದಾಯಿತು; ಸಣಕಲು ಬೆಕ್ಕಿಗೆ ಮುಚ್ಚಳ ತೆರೆದ ಕ್ಷಣವೇ ಪಕ್ಕದಿಂದ ತಲೆ ತೂರಿಸುವುದನ್ನು ಹಿರಿಯದು ವಾರದೊಳಗೆ ಕಲಿತುಬಿಟ್ಟಿತು. ಈಗ ಮೂರಕ್ಕೂ ಮೂರು ಕೋಣೆ, ಮುಚ್ಚಿದ ಬಾಗಿಲು, 20 ನಿಮಿಷದ ಗಡುವು, ನಡುವೆ ಕಾವಲುಗಾರನಾಗಿ ನಾನು. ಇಷ್ಟೆಲ್ಲ ಆದ ಮೇಲೂ, "ಪಾಪ, ಹಸಿದಿದೆ" ಎಂದು ಮನೆಯವರೇ ಗುಟ್ಟಾಗಿ ತಿನಿಸು ಕೊಡುತ್ತಾರಲ್ಲ, ಆ ಸಿಟ್ಟನ್ನು ನಾನು ಯಾರ ಮೇಲೆ ತೀರಿಸಿಕೊಳ್ಳಲಿ?